ಜಮೀನುದಾರನಾಗಿಯೂ ಗೇಣಿಯ ಗುಟ್ಟು ಬಿಚ್ಚಿಟ್ಟ ರಿಕಾರ್ಡೊ

ಸಂಬಳ ಏರಿದ ವರ್ಷವೇ ಮನೆ ಬಾಡಿಗೆಯೂ ಏರುತ್ತದೆ. ಪುಣೆ, ಮುಂಬೈ, ಹೈದರಾಬಾದ್, ಚೆನ್ನೈ ಎಲ್ಲೇ ಇದ್ದರೂ ಇದು ಹೊರನಾಡಿನಲ್ಲಿ ದುಡಿಯುವ ನಮ್ಮೆಲ್ಲರ ಅನುಭವ. ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯುವ ಹೊತ್ತಿಗೆ ಮಾಲೀಕರ ಫೋನು ಬರುತ್ತದೆ. ಸುತ್ತಮುತ್ತ ಈಗ ಇಷ್ಟು ನಡೆಯುತ್ತಿದೆ ಎಂಬ ಮಾತು ಕೇಳಬೇಕಾಗುತ್ತದೆ. ಮನೆ ಅದೇ, ಗೋಡೆಯ ಬಣ್ಣವೂ ಅದೇ, ಬಚ್ಚಲಿನ ನಲ್ಲಿ ಸೋರುವುದೂ ಹಾಗೆಯೇ ಇದೆ. ಹತ್ತಿರದಲ್ಲಿ ಮೆಟ್ರೊ ಬಂದಿದೆ, ನಾಲ್ಕಾರು ಹೊಸ ಕಂಪನಿಗಳು ಬಂದಿವೆ. ಅವನ್ನು ತಂದವರು ಮನೆ ಮಾಲೀಕರೇನಲ್ಲ. ಆದರೂ ಅದರ ಫಲದಲ್ಲಿ ದೊಡ್ಡ ಪಾಲು ಅವರಿಗೇ ಸೇರುತ್ತದೆ.

ಹೀಗೇಕೆ ಎಂಬುದನ್ನು ಇನ್ನೂರು ವರ್ಷಗಳ ಹಿಂದೆಯೇ ಲೆಕ್ಕ ಹಾಕಿ ತೋರಿಸಿದವರಲ್ಲಿ ಡೇವಿಡ್ ರಿಕಾರ್ಡೊ ಪ್ರಮುಖ. ಬಿ.ಎ., ಬಿ.ಕಾಂ. ಓದಿದವರಿಗೆ ಆತನ ಹೆಸರು ಪರೀಕ್ಷೆಯ ಪ್ರಶ್ನೆಯಾಗಿ ನೆನಪಿರುತ್ತದೆ. ಗೇಣಿ ಸಿದ್ಧಾಂತವನ್ನು ವಿವರಿಸಿ, ಟೀಕೆಗಳನ್ನು ಬರೆಯಿರಿ. ಬಾಯಿಪಾಠ ಮಾಡಿ ಬರೆದು ಮರೆತವರೇ ಹೆಚ್ಚು. ಆದರೆ ಆ ಸಿದ್ಧಾಂತದ ಹಿಂದೆ ಒಂದು ವಿಚಿತ್ರ ಬದುಕಿದೆ. ದುಡಿದವನಿಗೆಷ್ಟು, ಹಣ ಹೂಡಿದವನಿಗೆಷ್ಟು, ನೆಲದ ಒಡೆಯನಿಗೆಷ್ಟು ಎಂಬ ಪ್ರಶ್ನೆಯನ್ನು ಅರ್ಥಶಾಸ್ತ್ರದ ನಟ್ಟನಡುವೆ ತಂದು ನಿಲ್ಲಿಸಿದ ಈ ಮನುಷ್ಯ ಸ್ವತಃ ದೊಡ್ಡ ಜಮೀನುದಾರ. ಆತನ ಲೆಕ್ಕ ಒಂದು ಕಾಲಕ್ಕೆ ಪುಣೆಯ ಹೊಲಗಳವರೆಗೂ ಬಂದಿತ್ತು. ಅಲ್ಲಿ ಅದು ಸೋತ ಕಥೆಗೂ ನಮ್ಮ ಧಾರವಾಡದ ಪಹಣಿಗೂ ನಂಟಿದೆ.

ಮನೆಯಿಂದ ಹೊರಬಿದ್ದ ಮಗ

ರಿಕಾರ್ಡೊ ಹುಟ್ಟಿದ್ದು 1772ರ ಏಪ್ರಿಲ್ 18ರಂದು, ಲಂಡನ್ನಿನಲ್ಲಿ. ಅವರದೂ ವಲಸೆ ಬಂದ ಮನೆತನವೇ. ತಂದೆ ಅಬ್ರಹಾಂ ಆಮ್‌ಸ್ಟರ್‌ಡ್ಯಾಮಿನಿಂದ ಬಂದು ಲಂಡನ್ನಿನ ಷೇರುಪೇಟೆಯಲ್ಲಿ ದಲ್ಲಾಳಿಯಾಗಿ ನೆಲೆ ನಿಂತ ಯೆಹೂದಿ. ಹದಿನೈದಕ್ಕೂ ಹೆಚ್ಚು ಮಕ್ಕಳಿದ್ದ ತುಂಬುಮನೆಯಲ್ಲಿ ಡೇವಿಡ್ ಮೂರನೆಯವ. 11ನೇ ವಯಸ್ಸಿಗೆ ಓದಲೆಂದು ಅವನನ್ನು ಆಮ್‌ಸ್ಟರ್‌ಡ್ಯಾಮಿಗೆ ಕಳುಹಿಸಿದರು. ಎರಡು ವರ್ಷ ಅಲ್ಲಿದ್ದು ಹಿಂದಿರುಗಿದ. 14ಕ್ಕೆ ತಂದೆಯ ವ್ಯವಹಾರಕ್ಕೆ ಕೈಜೋಡಿಸಿದ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಕಲಿತದ್ದೆಲ್ಲ ಪೇಟೆಯಲ್ಲಿ, ಏರಿಳಿಯುವ ದರಗಳ ನಡುವೆ.

21ನೇ ವಯಸ್ಸಿನಲ್ಲಿ ಎಲ್ಲವೂ ತಲೆಕೆಳಗಾಯಿತು. ಕ್ವೇಕರ್ ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ವೈದ್ಯರೊಬ್ಬರ ಮಗಳು ಪ್ರಿಸಿಲ್ಲಾ ವಿಲ್ಕಿನ್ಸನ್ ಅವಳನ್ನು ರಿಕಾರ್ಡೊ 1793ರ ಡಿಸೆಂಬರಿನಲ್ಲಿ ಮದುವೆಯಾದ. ಯೆಹೂದಿ ಸಂಪ್ರದಾಯದ ಮನೆಗೆ ಇದು ಸಹಿಸಲಾಗದ ಮಾತಾಗಿತ್ತು. ತಂದೆಯ ವ್ಯವಹಾರದಿಂದ ಹೊರಬಿದ್ದ. ತಾಯಿಯೊಂದಿಗಿನ ಸಂಬಂಧ ಕಡೆಯವರೆಗೂ ಕೂಡಲಿಲ್ಲ. ತಂದೆ ಎಷ್ಟೋ ವರ್ಷಗಳ ಮೇಲೆ ರಾಜಿಯಾದರು. ಜಾತಿ ಬಿಟ್ಟು ಮದುವೆಯಾದವರ ಪಾಡು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೈಯಲ್ಲಿದ್ದದ್ದು ಸಣ್ಣ ಮೊತ್ತ. ಆದರೆ ಪೇಟೆಯಲ್ಲಿ ಹುಡುಗನ ಮಾತಿಗೆ ಬೆಲೆಯಿತ್ತು. ಅವನ ಚುರುಕನ್ನೂ ಪ್ರಾಮಾಣಿಕತೆಯನ್ನೂ ನೋಡಿದ್ದ ಹಿರಿಯ ವ್ಯಾಪಾರಿಗಳು ಬೆನ್ನಿಗೆ ನಿಂತರು. ಆಗ ಇಂಗ್ಲೆಂಡ್ ಫ್ರಾನ್ಸಿನೊಡನೆ ಯುದ್ಧಕ್ಕಿಳಿದಿತ್ತು. ಸರ್ಕಾರಕ್ಕೆ ವರ್ಷವರ್ಷವೂ ಕೋಟಿಗಟ್ಟಲೆ ಸಾಲ ಬೇಕು. ಆ ಸಾಲಪತ್ರಗಳನ್ನು ಸಗಟಾಗಿ ಹಿಡಿದು ಜನರಿಗೆ ಮಾರುವ ಗುತ್ತಿಗೆದಾರರ ಗುಂಪುಗಳಿದ್ದವು. ರಿಕಾರ್ಡೊ ಮೆಲ್ಲನೆ ಆ ಗುಂಪುಗಳಲ್ಲಿ ಒಬ್ಬನಾದ. ಕೆಲವೇ ವರ್ಷಗಳಲ್ಲಿ ತಂದೆಯನ್ನೂ ಮೀರಿಸುವಷ್ಟು ಸಂಪಾದಿಸಿದ.

1799ರಲ್ಲಿ ಹೆಂಡತಿಯ ಆರೋಗ್ಯಕ್ಕೆಂದು ಬಾತ್ ಎಂಬ ಊರಿಗೆ ಹೋದಾಗ, ಬೇಸರ ಕಳೆಯಲು ಅಲ್ಲಿನ ಬಾಡಿಗೆ ಪುಸ್ತಕಾಲಯದಲ್ಲಿ ಒಂದು ಪುಸ್ತಕ ಕೈಗೆತ್ತಿಕೊಂಡ. ಅದು ಆ್ಯಡಂ ಸ್ಮಿತ್ 1776ರಲ್ಲಿ ಪ್ರಕಟಿಸಿದ್ದ, ರಾಷ್ಟ್ರಗಳ ಸಂಪತ್ತನ್ನು ಕುರಿತ ಹೆಬ್ಬೊತ್ತಿಗೆ. 27ರ ಈ ಷೇರು ವ್ಯಾಪಾರಿಗೆ ತಾನು ದಿನವೂ ಮಾಡುತ್ತಿದ್ದ ಕೆಲಸದ ಹಿಂದೊಂದು ಶಾಸ್ತ್ರವಿದೆ ಎಂದು ಆಗ ಗೊತ್ತಾಯಿತು. ಮುಂದಿನ ಹತ್ತು ವರ್ಷ ಓದುತ್ತ, ಪೇಟೆಯ ಅನುಭವದ ಜೊತೆ ಹೋಲಿಸಿ ನೋಡುತ್ತ ಕಳೆದ.

ಬರೆಯಲು ಶುರುಮಾಡಿದ್ದು 1809ರಲ್ಲಿ. ಯುದ್ಧದ ಒತ್ತಡದಲ್ಲಿ 1797ರಿಂದಲೇ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ನೋಟುಗಳಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿತ್ತು. ಚಿನ್ನದ ಬೆಲೆ ಏರುತ್ತಿತ್ತು. ಚಿನ್ನ ತುಟ್ಟಿಯಾಗಿದೆ ಎಂದು ಎಲ್ಲರೂ ಅಂದುಕೊಂಡರೆ, ನೋಟು ಅಗ್ಗವಾಗಿದೆ ಎಂದು ರಿಕಾರ್ಡೊ ತೋರಿಸಿದ. ಬ್ಯಾಂಕು ಅಳತೆ ಮೀರಿ ನೋಟು ಬಿಟ್ಟದ್ದೇ ಕಾರಣ ಎಂಬ ಆತನ ಪತ್ರಿಕಾ ಲೇಖನ ದೊಡ್ಡ ಚರ್ಚೆ ಎಬ್ಬಿಸಿತು. ಮರುವರ್ಷ ಸಂಸತ್ತಿನ ಸಮಿತಿಯೊಂದು ಹೆಚ್ಚುಕಡಿಮೆ ಅದೇ ತೀರ್ಮಾನಕ್ಕೆ ಬಂತು.

ಈ ವರ್ಷಗಳಲ್ಲಿ ಆತನಿಗೆ ಇಬ್ಬರು ಗೆಳೆಯರು ಸಿಕ್ಕರು. ಒಬ್ಬ ಜೇಮ್ಸ್ ಮಿಲ್, ಭಾರತದ ಇತಿಹಾಸ ಬರೆದವನು. ಬರೆಯಲು ಹಿಂಜರಿಯುತ್ತಿದ್ದ ರಿಕಾರ್ಡೊನನ್ನು ಮೇಷ್ಟ್ರ ಹಾಗೆ ಬೆನ್ನುಹತ್ತಿ ಬರೆಸಿದವನೂ ಅವನೇ. ಇನ್ನೊಬ್ಬ ತಾಮಸ್ ಮಾಲ್ತಸ್. ಜನಸಂಖ್ಯೆಯ ವಿಚಾರದಿಂದ ಹೆಸರಾಗಿದ್ದ ಈತ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ಪ್ರಾಧ್ಯಾಪಕ. 1811ರಲ್ಲಿ ಪರಿಚಯವಾದಂದಿನಿಂದ ಸಾಯುವವರೆಗೂ ಇವರಿಬ್ಬರೂ ಮುಖ್ಯವಾದ ಯಾವ ವಿಷಯದಲ್ಲೂ ಸುಲಭವಾಗಿ ಒಪ್ಪಿದವರಲ್ಲ. ಪತ್ರದ ಮೇಲೆ ಪತ್ರ ಬರೆದು ವಾದಿಸಿದರು. ಒಬ್ಬರ ಮನೆಗೆ ಇನ್ನೊಬ್ಬರು ಹೋಗಿ ಉಳಿದರು.

ರೊಟ್ಟಿಯ ಬೆಲೆ

ರಿಕಾರ್ಡೊನ ಹೆಸರು ಉಳಿಯಲು ಕಾರಣವಾದ ಜಗಳ ಧಾನ್ಯದ್ದು. ಯುದ್ಧಕಾಲದಲ್ಲಿ ಹೊರಗಿನ ಧಾನ್ಯ ಇಂಗ್ಲೆಂಡಿಗೆ ಬರುವುದು ಕಷ್ಟವಾಗಿತ್ತು. ಜನ ಹೆಚ್ಚಿದ್ದರು, ಬೆಳೆ ಸಾಲುತ್ತಿರಲಿಲ್ಲ. 1812ರಲ್ಲಿ ಒಂದು ಕ್ವಾರ್ಟರ್ ಗೋಧಿಯ ಸರಾಸರಿ ಬೆಲೆ 126 ಶಿಲ್ಲಿಂಗ್ ಮುಟ್ಟಿತು. ಕ್ವಾರ್ಟರ್ ಎಂದರೆ ಎರಡು ಕ್ವಿಂಟಲ್‌ಗಿಂತ ತುಸು ಹೆಚ್ಚು. ಗುಡ್ಡದ ಇಳಿಜಾರು, ಕಲ್ಲುಭೂಮಿ, ಹುಲ್ಲುಗಾವಲು ಎಲ್ಲವನ್ನೂ ಉತ್ತರು. ಜಮೀನಿನ ಗೇಣಿ ಏರಿತು. ಯುದ್ಧ ಮುಗಿಯುವ ಲಕ್ಷಣ ಕಂಡದ್ದೇ ಬೆಲೆ ಕುಸಿಯಿತು, ಜಮೀನುದಾರರು ಕಂಗಾಲಾದರು. ಸಂಸತ್ತಿನಲ್ಲಿ ಅವರೇ ತುಂಬಿದ್ದರು. ದೇಶದಲ್ಲಿ ಗೋಧಿಯ ಬೆಲೆ 80 ಶಿಲ್ಲಿಂಗ್ ಮುಟ್ಟುವವರೆಗೆ ಹೊರಗಿನ ಗೋಧಿ ಪೇಟೆಗೆ ಬರಕೂಡದು ಎಂಬ ಧಾನ್ಯ ಕಾಯ್ದೆಯನ್ನು 1815ರಲ್ಲಿ ತಂದರು. ರೊಟ್ಟಿ ತುಟ್ಟಿಯಾಗುತ್ತದೆಂದು ಲಂಡನ್ನಿನ ಜನ ಬೀದಿಗಿಳಿದು ಗಲಭೆ ಎಬ್ಬಿಸಿದರು. ಕಾಯ್ದೆ ಪಾಸಾಯಿತು.

ಕಾಯ್ದೆಯ ಪರವಾಗಿದ್ದವರಲ್ಲಿ ಮಾಲ್ತಸ್ ಒಬ್ಬ. ವಿರುದ್ಧ ಬರೆದವರಲ್ಲಿ ರಿಕಾರ್ಡೊ ಒಬ್ಬ. 1815ರ ಫೆಬ್ರುವರಿಯಲ್ಲಿ ಅವಸರದಲ್ಲಿ ಬರೆದ ಆ ಕಿರುಹೊತ್ತಿಗೆಯನ್ನೇ ಬೆಳೆಸಿ, ಮಿಲ್‌ನ ಒತ್ತಾಯಕ್ಕೆ ಕಟ್ಟುಬಿದ್ದು, 1817ರಲ್ಲಿ ತನ್ನ ಮುಖ್ಯ ಗ್ರಂಥವನ್ನು ಪ್ರಕಟಿಸಿದ. ಸ್ಮಿತ್‌ಗೆ ಸಂಪತ್ತು ಹೇಗೆ ಬೆಳೆಯುತ್ತದೆ ಎಂಬುದು ದೊಡ್ಡ ಪ್ರಶ್ನೆಯಾಗಿತ್ತು. ಬೆಳೆದ ಸಂಪತ್ತು ಯಾರಿಗೆ ಎಷ್ಟು ಹಂಚಿಹೋಗುತ್ತದೆ ಎಂಬುದೇ ಈ ಶಾಸ್ತ್ರದ ಮುಖ್ಯ ಪ್ರಶ್ನೆ ಎಂದು ರಿಕಾರ್ಡೊ ಮುನ್ನುಡಿಯಲ್ಲೇ ಹೇಳಿದ.

ಆತನ ಲೆಕ್ಕ ಇಷ್ಟು. ಒಂದೇ ಅಳತೆಯ, ಆದರೆ ಬೇರೆ ಬೇರೆ ಕಸುವಿನ ಮೂರು ಹೊಲಗಳಿವೆ ಎಂದುಕೊಳ್ಳಿ. ಅಷ್ಟೇ ಆಳು, ಅಷ್ಟೇ ಖರ್ಚು ಹಾಕಿದರೆ ಮೊದಲನೆಯದು 100 ಅಳತೆ, ಎರಡನೆಯದು 90, ಮೂರನೆಯದು 80 ಅಳತೆ ಕಾಳು ಕೊಡುತ್ತದೆ. ಜನ ಕಡಿಮೆಯಿದ್ದಾಗ ಮೊದಲ ಹೊಲವೇ ಸಾಕು, ಅದಕ್ಕೆ ಗೇಣಿ ಕೊಡುವವರಿಲ್ಲ. ಜನ ಹೆಚ್ಚಿ ಎರಡನೆಯದನ್ನೂ ಉಳಬೇಕಾದಾಗ, ಮೊದಲ ಹೊಲಕ್ಕೆ 10 ಅಳತೆ ಗೇಣಿ ಹುಟ್ಟುತ್ತದೆ. ಯಾಕೆಂದರೆ 100 ಬೆಳೆಯುವ ಹೊಲಕ್ಕೆ 10 ಕೊಟ್ಟರೂ, ಪುಕ್ಕಟೆ ಸಿಗುವ 90ರ ಹೊಲ ಉಳುವವನಿಗೂ ಇವನಿಗೂ ಸಿಗುವುದು ಒಂದೇ. ಮೂರನೆಯದನ್ನೂ ಉಳುವ ಕಾಲ ಬಂದರೆ ಮೊದಲನೆಯದರ ಗೇಣಿ 20ಕ್ಕೆ, ಎರಡನೆಯದರದು 10ಕ್ಕೆ ಏರುತ್ತದೆ. ಒಡೆಯ ಕೈಬೆರಳು ಅಲ್ಲಾಡಿಸಿಲ್ಲ. ಅವನ ಹೊಲ ಮೊದಲಿಗಿಂತ ಒಂದು ಕಾಳೂ ಹೆಚ್ಚು ಬೆಳೆದಿಲ್ಲ.

ಇದರಿಂದ ಹೊರಟ ಮಾತು ಆಗಿನವರಿಗೆ ಆಘಾತ ತಂದಿತು. ಗೇಣಿ ಜಾಸ್ತಿಯಾದ್ದರಿಂದ ಕಾಳು ತುಟ್ಟಿಯಾಗಿದೆ ಎಂದು ಜನ ತಿಳಿದಿದ್ದರು. ಕಾಳು ತುಟ್ಟಿಯಾದ್ದರಿಂದಲೇ ಗೇಣಿ ಏರುವುದು ಎಂದು ರಿಕಾರ್ಡೊ ತಿರುಗಿಸಿ ಹೇಳಿದ. ಬೆಲೆ ನಿಲ್ಲುವುದು ಎಲ್ಲಕ್ಕಿಂತ ಬಡ ಹೊಲದಲ್ಲಿ ಬೆಳೆಯುವ ಖರ್ಚಿನ ಮೇಲೆ. ಉಳಿದ ಹೊಲಗಳ ಒಡೆಯರಿಗೆ ಆ ವ್ಯತ್ಯಾಸ ತಾನಾಗಿ ಬಂದು ಸೇರುತ್ತದೆ.

ಇನ್ನುಳಿದ ಎರಡು ಪಾಲುಗಳ ಕಥೆ ಹೀಗೆ. ಕೂಲಿಕಾರನಿಗೆ ಸಿಗುವುದು, ಆ ಕಾಲದ ಆ ಜನರ ರೂಢಿಯಂತೆ ಸಂಸಾರ ಸಾಗಿಸಲು ಬೇಕಾದಷ್ಟರ ಸುತ್ತಮುತ್ತ. ರೊಟ್ಟಿ ತುಟ್ಟಿಯಾದರೆ ಅವನ ಕೂಲಿಯ ಹಣ ಏರಲೇಬೇಕು. ಆದರೆ ಏರಿದ ಹಣ ಅದೇ ರೊಟ್ಟಿಗೆ ಹೋಗುವುದರಿಂದ ಅವನ ಬದುಕು ಹಸನಾಗುವುದಿಲ್ಲ. ಕೂಲಿ ಹೆಚ್ಚು ಕೊಡಬೇಕಾದ ಕಾರ್ಖಾನೆಯವನ ಲಾಭ ಇಳಿಯುತ್ತದೆ. ಲಾಭ ಇಳಿದರೆ ಹೊಸ ಬಂಡವಾಳ ಹೂಡುವವರಿಲ್ಲ, ಕೆಲಸ ಹುಟ್ಟುವುದಿಲ್ಲ. ಹೀಗೆ ದುಡಿದವನೂ ನಿಂತಲ್ಲೇ ನಿಲ್ಲುತ್ತಾನೆ, ಹೂಡಿದವನೂ ಸೊರಗುತ್ತಾನೆ, ನೆಲದ ಒಡೆಯನೊಬ್ಬನೇ ಬೆಳೆಯುತ್ತಾನೆ. ಆದ್ದರಿಂದ ಹೊರಗಿನ ಧಾನ್ಯಕ್ಕೆ ಬಾಗಿಲು ತೆರೆಯಿರಿ ಎಂಬುದು ಆತನ ವಾದ. ಇಂಗ್ಲೆಂಡಿನ ಬಟ್ಟೆಗೆ ಪೋರ್ಚುಗಲ್ಲಿನ ವೈನ್ ವಿನಿಮಯವಾದರೆ ಎರಡೂ ದೇಶಕ್ಕೆ ಲಾಭ ಎಂಬ, ಪಠ್ಯಪುಸ್ತಕಗಳ ಆ ಪ್ರಸಿದ್ಧ ಉದಾಹರಣೆ ಬಂದದ್ದೂ ಇದೇ ಗ್ರಂಥದಲ್ಲಿ.

ತನ್ನ ಪಾಲಿನ ವಿರುದ್ಧ ತಾನೇ

ಇಷ್ಟೆಲ್ಲ ಬರೆಯುವ ಹೊತ್ತಿಗೆ ರಿಕಾರ್ಡೊ ಯಾವ ಕಡೆಯವನಾಗಿದ್ದ ಎಂಬುದು ನೋಡುವಂಥದ್ದು. 1814ರಲ್ಲಿ ಆತ ಗ್ಲಾಸ್ಟರ್‌ಶೈರಿನ ಗ್ಯಾಟ್‌ಕೂಂಬ್ ಪಾರ್ಕ್ ಎಂಬ ದೊಡ್ಡ ಬಂಗಲೆಯನ್ನೂ ಜಮೀನನ್ನೂ ಕೊಂಡಿದ್ದ. ಈಗ ಅದು ಬ್ರಿಟನ್ನಿನ ರಾಜಕುಮಾರಿ ಆ್ಯನ್ ಅವರ ಮನೆ. 1815ರ ಜೂನಿನಲ್ಲಿ ಸರ್ಕಾರ 3 ಕೋಟಿ 60 ಲಕ್ಷ ಪೌಂಡ್ ಸಾಲ ಎತ್ತಿತು. ಗುತ್ತಿಗೆ ಹಿಡಿದವರಲ್ಲಿ ರಿಕಾರ್ಡೊನೂ ಇದ್ದ. ಕೆಲವೇ ದಿನಗಳಲ್ಲಿ ವಾಟರ್‌ಲೂ ಯುದ್ಧದಲ್ಲಿ ನೆಪೋಲಿಯನ್ ಸೋತ, ಸಾಲಪತ್ರಗಳ ಬೆಲೆ ಜಿಗಿಯಿತು. ಗೆಳೆಯ ಮಾಲ್ತಸ್‌ಗೂ ಅದರಲ್ಲಿ ಒಂದು ಸಣ್ಣ ಪಾಲಿತ್ತು. ಯುದ್ಧಕ್ಕೆ ಮುಂಚೆಯೇ ಎದೆ ನಡುಗಿ ಮಾರಿಬಿಡುವಂತೆ ಹೇಳಿ, ಕೈಗೆ ಬರಬಹುದಾಗಿದ್ದ ಲಾಭ ಕಳೆದುಕೊಂಡ. ರಿಕಾರ್ಡೊ ಕೊನೆಯವರೆಗೆ ಹಿಡಿದಿಟ್ಟುಕೊಂಡ. ಆಮೇಲೆ ಪೇಟೆಯಿಂದ ಮೆಲ್ಲಗೆ ಹಿಂದೆ ಸರಿದು, ದುಡ್ಡನ್ನೆಲ್ಲ ಜಮೀನಿಗೆ, ಜಮೀನಿನ ಅಡಮಾನಗಳಿಗೆ ಹಾಕಿದ.

ಅಂದರೆ ಗೇಣಿ ಏರಿದರೆ ಲಾಭವಾಗುವುದು ಅವನಿಗೇ. ಧಾನ್ಯ ಕಾಯ್ದೆ ಹೋದರೆ ನಷ್ಟವೂ ಅವನದೇ. ಆದರೂ ಕಾಯ್ದೆ ಹೋಗಬೇಕೆಂದು ಬರೆದ, ಸಂಸತ್ತಿನಲ್ಲಿ ಮಾತಾಡಿದ. ಜಮೀನುದಾರರ ಪರ ನಿಂತಿದ್ದ ಮಾಲ್ತಸ್ ಗೇಣಿಯ ಒಂದು ಕಾಸನ್ನೂ ಕಂಡವನಲ್ಲ. ಈ ವೈಚಿತ್ರ್ಯವನ್ನು ಮಾಲ್ತಸ್ ತಾನೇ ತನ್ನ ಪುಸ್ತಕದಲ್ಲಿ ಗುರುತಿಸಿದ್ದಾನೆ. ಇಬ್ಬರೂ ತಮ್ಮ ಜೇಬು ನೋಡಿ ವಾದ ಕಟ್ಟಿದವರಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ರಿಕಾರ್ಡೊನನ್ನು ಬಡವರ ಬಂಧು ಎಂದು ಬಣ್ಣಿಸುವುದೂ ಸರಿಯಾಗದು. ಬಡವರಿಗೆ ಊರಿನ ತೆರಿಗೆಯಿಂದ ನೆರವು ಕೊಡುವ ಆಗಿನ ಕಾನೂನನ್ನು ಹಂತಹಂತವಾಗಿ ತೆಗೆದುಹಾಕಬೇಕು, ಕೂಲಿಯನ್ನು ಪೇಟೆಯ ಪೈಪೋಟಿಗೆ ಬಿಡಬೇಕು ಎಂಬುದು ಆತನ ಗಟ್ಟಿ ನಿಲುವಾಗಿತ್ತು. ತನ್ನ ಜಮೀನಿನ ಸುತ್ತಲಿನ ಮಕ್ಕಳಿಗೆ ಶಾಲೆ ನಡೆಸಿದ ಮನುಷ್ಯನೇ ಇದನ್ನೂ ಬರೆದ. ಆತನ ಲೆಕ್ಕದಲ್ಲಿ ಕೂಲಿಕಾರ ಒಂದು ಅಂಕಿಯಾಗಿ ಬರುತ್ತಾನೆ. ಅವನ ಹಸಿವು ಕಾಣುವುದು ಕಡಿಮೆ.

1819ರಲ್ಲಿ ಸಂಸತ್ತಿಗೆ ಹೋದ ದಾರಿಯೂ ಆ ಕಾಲಕ್ಕೆ ತಕ್ಕದ್ದೇ. ಐರ್ಲೆಂಡಿನ ಪೋರ್ಟಾರ್ಲಿಂಗ್ಟನ್ ಕ್ಷೇತ್ರದಲ್ಲಿ ಮತದಾರರು ಒಂದು ಡಜನ್ ಇದ್ದರೆ ಹೆಚ್ಚು. ಅಲ್ಲಿನ ಒಡೆಯನಿಗೆ ಹಣವನ್ನೂ ದೊಡ್ಡ ಸಾಲವನ್ನೂ ಕೊಟ್ಟು ಸ್ಥಾನ ಪಡೆದ. ಆ ಊರಿಗೆ ಒಮ್ಮೆಯೂ ಕಾಲಿಡಲಿಲ್ಲ. ಹೀಗೆ ಕೊಂಡ ಕುರ್ಚಿಯಲ್ಲಿ ಕುಳಿತು, ಇಂಥ ಕುರ್ಚಿಗಳೇ ಇರಬಾರದು, ಮತದಾನ ಗುಟ್ಟಾಗಿ ನಡೆಯಬೇಕು, ಹೆಚ್ಚು ಜನರಿಗೆ ಮತ ಸಿಗಬೇಕು ಎಂದು ವಾದಿಸಿದ. ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸೇರಿದ್ದ ಜನರ ಮೇಲೆ ಕುದುರೆ ಸವಾರರು ನುಗ್ಗಿ ಹಲವರು ಸತ್ತ ಮೇಲೆ, ಸಭೆ ಸೇರುವುದನ್ನೂ ಪತ್ರಿಕೆಗಳನ್ನೂ ಬಿಗಿಹಿಡಿಯುವ ಕಾನೂನುಗಳು ಬಂದವು. ಆತ ಅವುಗಳ ವಿರುದ್ಧ ಮತ ಹಾಕಿದ. ದೈವನಿಂದನೆಯ ಹೆಸರಲ್ಲಿ ಪುಸ್ತಕ ಮಾರುವವರನ್ನು ಜೈಲಿಗೆ ಹಾಕುವುದನ್ನೂ ಸಭೆಯಲ್ಲಿ ಎದುರಿಸಿದ. ದನಿ ಕೀಚಲು. ಎದ್ದು ನಿಲ್ಲಲು ಮೊದಮೊದಲು ಅಂಜಿಕೆ. ಆದರೆ ಹಣಕಾಸಿನ ವಿಷಯ ಬಂದಾಗ ಸಭೆ ಕಿವಿಗೊಡುತ್ತಿತ್ತು.

ಯಂತ್ರದ ಅಧ್ಯಾಯ

1821ರಲ್ಲಿ ಗ್ರಂಥದ ಮೂರನೇ ಮುದ್ರಣ ಬಂತು. ಅದಕ್ಕೆ ರಿಕಾರ್ಡೊ ಯಂತ್ರಗಳ ಬಗ್ಗೆ ಹೊಸ ಅಧ್ಯಾಯ ಸೇರಿಸಿದ. ಯಂತ್ರದಿಂದ ಕೆಲಸ ಕಳೆದುಕೊಂಡವನಿಗೆ ಬೇರೆಡೆ ಕೆಲಸ ಸಿಕ್ಕೇ ಸಿಗುತ್ತದೆ, ಒಟ್ಟಿನಲ್ಲಿ ಎಲ್ಲರಿಗೂ ಒಳ್ಳೆಯದು ಎಂಬುದು ಅಲ್ಲಿಯವರೆಗೆ ಆತ ನಂಬಿದ್ದ ಮಾತು. ಹತ್ತು ವರ್ಷಗಳ ಹಿಂದೆ ನೇಕಾರರೂ ಹೆಣಿಗೆಯವರೂ ಮಗ್ಗದ ಯಂತ್ರಗಳನ್ನು ಒಡೆದು ಗಲ್ಲಿಗೇರಿದ್ದರು. ಅವರದು ತಿಳಿಗೇಡಿತನ ಎಂಬುದೇ ವಿದ್ವಾಂಸರ ಮತವಾಗಿತ್ತು.

ಹೊಸ ಅಧ್ಯಾಯದಲ್ಲಿ ಆತ ತನ್ನ ಹಳೆಯ ಅಭಿಪ್ರಾಯ ತಪ್ಪೆಂದು ಬಹಿರಂಗವಾಗಿ ಒಪ್ಪಿಕೊಂಡ. ಕೂಲಿಗೆ ಹೋಗುತ್ತಿದ್ದ ಬಂಡವಾಳ ಯಂತ್ರ ಕಟ್ಟಲು ತಿರುಗಿದರೆ, ಮಾಲೀಕನ ಲಾಭ ಹೆಚ್ಚಿಯೂ ಕೂಲಿಕಾರರಿಗೆ ಕೆಲಸ ಕಡಿಮೆಯಾಗಬಹುದು. ಯಂತ್ರ ತಮಗೆ ಕೇಡು ಎಂದು ಕೂಲಿಕಾರರು ಅಂದುಕೊಳ್ಳುವುದಕ್ಕೆ ಆಧಾರವಿದೆ ಎಂದು ಲೆಕ್ಕ ಸಮೇತ ಬರೆದ. ಆತನ ಶಿಷ್ಯನಂತಿದ್ದ ಮೆಕ್ಯುಲಕ್ ಇದರಿಂದ ತೀರ ಬೇಸರಗೊಂಡ. ವಿರೋಧಿಗಳ ಕೈಗೆ ಆಯುಧ ಕೊಟ್ಟಂತಾಯಿತು ಎಂಬುದು ಅವನ ಅಳಲು. ರಿಕಾರ್ಡೊ ಅಧ್ಯಾಯ ತೆಗೆಯಲಿಲ್ಲ. ಹಾಗೆಂದು ಯಂತ್ರ ಬೇಡವೆಂದೂ ಹೇಳಲಿಲ್ಲ. ನಾವು ಬಿಟ್ಟರೆ ಬಂಡವಾಳ ಬೇರೆ ದೇಶಕ್ಕೆ ಹೋಗುತ್ತದೆ ಎಂಬ ಭಯವೂ ಅದೇ ಅಧ್ಯಾಯದಲ್ಲಿದೆ. ಐಟಿ ಕಂಪನಿಗಳ ಕ್ಯಾಂಟೀನಿನಲ್ಲಿ ಈಗ ನಡೆಯುವ ಮಾತುಗಳು ಆಗಲೇ ನಡೆದಿದ್ದವು.

1823ರ ಬೇಸಿಗೆಯಲ್ಲಿ ಸಂಸತ್ತಿನ ಅಧಿವೇಶನ ಮುಗಿಸಿ ಗ್ಯಾಟ್‌ಕೂಂಬಿಗೆ ಮರಳಿದ. ವಸ್ತುವಿನ ಮೌಲ್ಯವನ್ನು ಅಳೆಯಲು ಬದಲಾಗದ ಅಳತೆಗೋಲೊಂದು ಇದ್ದೀತೇ ಎಂಬ, ವರ್ಷಗಳಿಂದ ಕಾಡಿದ್ದ ಪ್ರಶ್ನೆಯ ಬಗ್ಗೆ ಬರೆಯತೊಡಗಿದ್ದ. ಕಿವಿಯ ಸೋಂಕು ಮಿದುಳಿಗೆ ಏರಿ, ಸೆಪ್ಟೆಂಬರ್ 11ರಂದು ತೀರಿಕೊಂಡ. ಆಗ ವಯಸ್ಸು 51. ಬಿಟ್ಟುಹೋದ ಆಸ್ತಿ ಸುಮಾರು 7 ಲಕ್ಷ ಪೌಂಡ್. ಬರಹ ಅರ್ಧಕ್ಕೇ ನಿಂತಿತ್ತು.

ಪುಣೆಗೆ ಬಂದ ಲೆಕ್ಕ

ರಿಕಾರ್ಡೊ ಭಾರತಕ್ಕೆ ಬಂದವನಲ್ಲ. ಬಂದದ್ದು ಆತನ ಲೆಕ್ಕ. ಗೆಳೆಯ ಜೇಮ್ಸ್ ಮಿಲ್ 1819ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಗೆ ಸೇರಿದ್ದ. ಇಲ್ಲಿಗೆ ಬರುವ ಯುವ ಅಧಿಕಾರಿಗಳು ಮಾಲ್ತಸ್ ಪಾಠ ಹೇಳುತ್ತಿದ್ದ ಹೇಲಿಬರಿ ಕಾಲೇಜಿನಲ್ಲಿ ಓದಿ ಬರುತ್ತಿದ್ದರು. ಅವರ ತಲೆಯಲ್ಲಿದ್ದ ತರ್ಕ ಸರಳವಾಗಿತ್ತು. ಗೇಣಿ ಎಂಬುದು ಯಾರ ದುಡಿಮೆಯ ಫಲವೂ ಅಲ್ಲ. ಅದನ್ನು ತೆರಿಗೆಯಾಗಿ ಎತ್ತಿದರೆ ಬೆಲೆ ಏರುವುದಿಲ್ಲ, ಕೃಷಿಗೆ ಕೇಡಿಲ್ಲ. ಭಾರತದಲ್ಲಿ ನೆಲದ ಒಡೆಯ ಸರ್ಕಾರವೇ. ಆದ್ದರಿಂದ ಗೇಣಿ ಎಷ್ಟೆಂದು ಲೆಕ್ಕ ಹಾಕಿ ಅದನ್ನು ಕಂದಾಯವಾಗಿ ತೆಗೆದುಕೊಂಡರಾಯಿತು.

1818ರಲ್ಲಿ ಪೇಶ್ವೆ ಆಳ್ವಿಕೆ ಮುಗಿದು ಪುಣೆ ಕಂಪನಿಯ ಕೈ ಸೇರಿತ್ತು. ಹೇಲಿಬರಿಯಲ್ಲಿ ಓದಿದ್ದ ರಾಬರ್ಟ್ ಕೀತ್ ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದಲ್ಲಿ ಆ ಜಿಲ್ಲೆಯ ಹೊಲಗಳನ್ನು ಅಳೆಸಿದ. ಮಣ್ಣಿನ ದರ್ಜೆ ಗುರುತಿಸಿ, ಪ್ರತಿ ದರ್ಜೆಯಲ್ಲಿ ಎಷ್ಟು ಬೆಳೆ, ಉಳುಮೆಗೆ ಎಷ್ಟು ಖರ್ಚು ಎಂದು ಪಟ್ಟಿ ಮಾಡಿಸಿದ. ಖರ್ಚು ಕಳೆದು ಉಳಿಯುವ ನಿವ್ವಳದ ಶೇ 55ರಷ್ಟು ಕಂದಾಯ ಎಂದು ಗೊತ್ತುಮಾಡಿದ. ಕಾಗದದ ಮೇಲೆ ಅದು ಅಚ್ಚುಕಟ್ಟಾದ ರಿಕಾರ್ಡೊ.

ಹೊಲದಲ್ಲಿ ಅದು ಬೇರೆಯೇ ಆಯಿತು. ಇಳುವರಿಯ ಅಂಕಿಗಳು ಅಂದಾಜಿನವು. ಬರೆದುಕೊಳ್ಳುವವರ ಕೈಬೆಚ್ಚಗೆ ಮಾಡಿದವನ ಒಳ್ಳೆಯ ಹೊಲ ಕೆಳದರ್ಜೆಗೆ ಇಳಿಯಿತು, ಮಾಡಲಾಗದವನ ಕಲ್ಲುಹೊಲ ಮೇಲಕ್ಕೇರಿತು. ಆ ವರ್ಷಗಳಲ್ಲೇ ಕಾಳಿನ ಬೆಲೆ ಬಿದ್ದಿತು. ಎಲ್ಲಕ್ಕಿಂತ ದೊಡ್ಡ ತೊಡಕು ಲೆಕ್ಕದ ಬುಡದಲ್ಲೇ ಇತ್ತು. ರಿಕಾರ್ಡೊನ ಇಂಗ್ಲೆಂಡಿನಲ್ಲಿ ಒಡೆಯ, ಬಂಡವಾಳ ಹೂಡುವ ಗೇಣಿದಾರ, ಕೂಲಿಕಾರ ಮೂವರೂ ಬೇರೆ ಬೇರೆ. ದಖ್ಖನ್ನಿನ ರೈತ ಒಬ್ಬನೇ ಆ ಮೂವರೂ ಆಗಿದ್ದ. ಹೆಂಡತಿ ಮಕ್ಕಳ ದುಡಿಮೆ, ಎತ್ತುಗಳ ಸವಕಲು, ಬರಗಾಲಕ್ಕೆಂದು ಹಗೇವಿನಲ್ಲಿ ಉಳಿಸಿಕೊಳ್ಳಬೇಕಾದ ಜೋಳ ಎಲ್ಲವೂ ಪಟ್ಟಿಯಲ್ಲಿ ಸರಿಯಾಗಿ ಖರ್ಚಾಗಿ ಬರಲಿಲ್ಲ. ಗೇಣಿ ಎಂದು ಕಿತ್ತುಕೊಂಡದ್ದರಲ್ಲಿ ಅವನ ಅನ್ನವೂ ಇತ್ತು. ಕಂದಾಯ ಕಟ್ಟಲಾಗದೆ ಬಾಕಿ ಬೆಳೆಯಿತು. ರೈತರು ಹೊಲ ಬಿಟ್ಟು, ಊರು ಬಿಟ್ಟು ನಿಜಾಮನ ಸೀಮೆ ಸೇರಿದರು. ಭೂಮಿ ಬೀಳುಬಿತ್ತು.

ಪುಣೆಯಿಂದ ಸೊಲ್ಲಾಪುರದ ದಾರಿಯಲ್ಲಿ ವಿಜಯಪುರ, ಕಲಬುರಗಿ ಕಡೆಗೆ ಬಸ್ಸಿನಲ್ಲಿ ಹೋಗುವವರು ಇಂದಾಪುರ ದಾಟಿ ಹೋಗುತ್ತಾರೆ. ಹಾಳುಬಿದ್ದ ಆ ತಾಲ್ಲೂಕಿನಲ್ಲಿ 1835ರಿಂದ ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಅಧಿಕಾರಿಗಳು ಹೊಸದಾಗಿ ಶುರುಮಾಡಿದರು. ನಿವ್ವಳ ಉತ್ಪನ್ನದ ಲೆಕ್ಕವನ್ನೇ ಅವರು ಕೈಬಿಟ್ಟರು. ಜೋಡೆತ್ತು ಉಳಬಲ್ಲಷ್ಟು ಅಳತೆಯ ಹೊಲಕ್ಕೆ ಒಂದೊಂದು ನಂಬರು ಕೊಟ್ಟರು. ಮಣ್ಣಿನ ಬಣ್ಣ, ಆಳ ನೋಡಿ ಆಣೆಗಳಲ್ಲಿ ದರ್ಜೆ ಕಟ್ಟಿದರು. ಹಿಂದಿನ ವರ್ಷಗಳಲ್ಲಿ ಎಷ್ಟು ನಿಜವಾಗಿ ವಸೂಲಾಗಿತ್ತು, ಪೇಟೆ ಎಷ್ಟು ದೂರ ಎಂದು ನೋಡಿ ಕಂದಾಯ ಇಳಿಸಿ, 30 ವರ್ಷ ಏರಿಸುವುದಿಲ್ಲ ಎಂದು ಗೊತ್ತುಮಾಡಿದರು. ಬೀಳುಹೊಲಗಳು ಮತ್ತೆ ಉಳುಮೆಗೆ ಬಂದವು. ಇದೇ ಪದ್ಧತಿ 1840ರ ದಶಕದಲ್ಲಿ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಧಾರವಾಡ ಸೀಮೆಗೆ ಬಂತು. 1860ರ ದಶಕದಲ್ಲಿ ಮೈಸೂರು ಸೀಮೆಯೂ ಇದನ್ನೇ ಹಿಡಿಯಿತು. ಊರಿನ ಪಹಣಿಯಲ್ಲಿರುವ ಸರ್ವೆ ನಂಬರು, ಆಕಾರಬಂದಿನಲ್ಲಿರುವ ಆಕಾರ ಎಂಬ ಕಂದಾಯದ ಅಂಕಿ ಇವುಗಳ ಮೂಲ ಇಲ್ಲಿದೆ. ಈ ಪದ್ಧತಿಯೂ ನೋವಿಲ್ಲದ್ದೇನಲ್ಲ. ಜಮೀನು ಅಡವಿಡಬಹುದಾದ ಸೊತ್ತಾದಾಗ ಸಾಹುಕಾರರ ಕೈ ಮೇಲಾಯಿತು. 1875ರಲ್ಲಿ ಪುಣೆ, ಅಹಮದ್‌ನಗರ ಜಿಲ್ಲೆಗಳ ರೈತರು ಸಾಹುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು.

ಹೊರನಾಡಿನ ಗೇಣಿದಾರರು

ಇಂಗ್ಲೆಂಡಿನಲ್ಲಿ ಧಾನ್ಯ ಕಾಯ್ದೆ ರದ್ದಾದದ್ದು 1846ರಲ್ಲಿ, ರಿಕಾರ್ಡೊ ಸತ್ತು 23 ವರ್ಷಗಳ ಮೇಲೆ. ಮುಂದೆ ರೈಲು, ಹಡಗುಗಳಲ್ಲಿ ಅಮೆರಿಕದ ಗೋಧಿ ಬಂದಿಳಿದಾಗ ಅಲ್ಲಿನ ಜಮೀನಿನ ಗೇಣಿಯೂ ಬಿತ್ತು. ಒಡೆಯನ ಪಾಲು ಬೆಳೆಯುತ್ತಲೇ ಹೋಗುತ್ತದೆ ಎಂಬ ಆತನ ಆತಂಕ ಹೊಲಗಳ ಮಟ್ಟಿಗೆ ಅಲ್ಲಿ ನಿಜವಾಗಲಿಲ್ಲ. ಆದರೆ ಪ್ರಶ್ನೆ ಸಾಯಲಿಲ್ಲ. ಮಾರ್ಕ್ಸ್ ಆತನನ್ನು ಅಕ್ಷರಕ್ಷರ ಓದಿ ತನ್ನ ದಾರಿ ಮಾಡಿಕೊಂಡ. ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ, ನಗರ ಬೆಳೆದಾಗ ಏರುವ ಜಾಗದ ಬೆಲೆಯ ಮೇಲೆಯೇ ತೆರಿಗೆ ಹಾಕಬೇಕೆಂದು ವಾದಿಸಿದ. ಮುಂಬೈ ಸೇರಿದ ಕರಾವಳಿಯವರ ಮನೆಗಳಲ್ಲಿ ಮೂಲಗೇಣಿ, ಚಾಲಗೇಣಿಯ ನೆನಪು ಇನ್ನೂ ಹಸಿಯಾಗಿದೆ. 1974ರ ಭೂಸುಧಾರಣೆಯಲ್ಲಿ ಗೇಣಿ ಹೋದಾಗ ಹೊಲ ಸಿಕ್ಕವರೂ ಇದ್ದಾರೆ, ಕಳೆದುಕೊಂಡವರೂ ಇದ್ದಾರೆ.

ಈಗ ಹೊಲದ ಜಾಗದಲ್ಲಿ ಫ್ಲ್ಯಾಟು ಬಂದಿದೆ, ಮಣ್ಣಿನ ಕಸುವಿನ ಜಾಗದಲ್ಲಿ ಮೆಟ್ರೊ ನಿಲ್ದಾಣದ ದೂರ ಬಂದಿದೆ. ಎರಡು ಗಂಟೆ ಪ್ರಯಾಣದಾಚೆಯ ಮನೆಗೂ ಕಚೇರಿ ಪಕ್ಕದ ಮನೆಗೂ ಇರುವ ಬಾಡಿಗೆಯ ವ್ಯತ್ಯಾಸವೇ ಆತನ 80ರ ಹೊಲಕ್ಕೂ 100ರ ಹೊಲಕ್ಕೂ ಇರುವ ವ್ಯತ್ಯಾಸ. ಮೆಟ್ರೊ ಖರ್ಚಿಗೆಂದು ಪುಣೆ, ಮುಂಬೈಗಳಲ್ಲಿ ಮನೆ ನೋಂದಣಿಯಲ್ಲಿ ಶೇ 1ರ ಸೆಸ್ ಇದೆ. ಅದನ್ನು ಕಟ್ಟುವುದು ಹೊಸದಾಗಿ ಕೊಳ್ಳುವವನು. ನಿಲ್ದಾಣದ ಪಕ್ಕದಲ್ಲಿ ಹತ್ತು ಫ್ಲ್ಯಾಟು ಇಟ್ಟುಕೊಂಡು ಬಾಡಿಗೆ ಏರಿಸುವ ಹಳೆಯ ಮಾಲೀಕನನ್ನು ಅದು ಮುಟ್ಟುವುದಿಲ್ಲ. ರಿಕಾರ್ಡೊ ಇದ್ದಿದ್ದರೆ ತೆರಿಗೆ ಕೊನೆಗೆ ಯಾರ ತಲೆಗೆ ಬೀಳುತ್ತದೆ ಎಂದು ಮೊದಲು ಕೇಳುತ್ತಿದ್ದ.

ಆದರೆ ನಾವು ಬರೀ ಗೇಣಿದಾರರಲ್ಲ. ಹಿಂಜವಡಿಯಲ್ಲೋ ಪವಯಿಯಲ್ಲೋ ಬಾಡಿಗೆ ಕೊಡುವ ನಮ್ಮಲ್ಲಿ ಹಲವರಿಗೆ ಬೆಂಗಳೂರಿನಲ್ಲಿ ಒಂದು ಸೈಟು, ಹುಬ್ಬಳ್ಳಿಯಲ್ಲಿ ಒಂದು ಮನೆ ಇದೆ. ಅಲ್ಲಿ ನಮಗೂ ಒಬ್ಬ ಬಾಡಿಗೆದಾರ ಇದ್ದಾನೆ, ಅವನಿಗೂ ನಾವು ವರ್ಷಕ್ಕೊಮ್ಮೆ ಫೋನು ಮಾಡುತ್ತೇವೆ. ಇಲ್ಲಿ ಬಾಡಿಗೆಗೆ ಮಿತಿ ಬೇಕು ಎನ್ನುವ ಬಾಯಿ, ಅಲ್ಲಿ ರಿಂಗ್ ರಸ್ತೆ ನಮ್ಮ ಸೈಟಿನ ಹತ್ತಿರವೇ ಹಾದುಹೋಗಲಿ ಎಂದು ಹಾರೈಸುತ್ತದೆ. ರಿಕಾರ್ಡೊ ತನ್ನ ಜಮೀನು ಮಾರಲಿಲ್ಲ, ಗೇಣಿ ತೆಗೆದುಕೊಳ್ಳುವುದನ್ನೂ ಬಿಡಲಿಲ್ಲ. ಆದರೆ ತನಗೆ ಬರುತ್ತಿರುವ ಹಣ ತನ್ನ ದುಡಿಮೆಯ ಫಲ ಎಂದು ಹೇಳಿಕೊಳ್ಳಲೂ ಇಲ್ಲ. ಅದು ಎಲ್ಲಿಂದ ಬರುತ್ತದೆ, ಅದರಿಂದ ಯಾರ ಪಾಲು ಕುಗ್ಗುತ್ತದೆ ಎಂದು ಎಲ್ಲರ ಮುಂದೆ ಲೆಕ್ಕ ಬಿಚ್ಚಿಟ್ಟ. ಮುಂದಿನ ಸಲ ನಮ್ಮ ಬಾಡಿಗೆದಾರನಿಗೆ ಫೋನು ಮಾಡುವ ಮುನ್ನ ಅಷ್ಟು ಲೆಕ್ಕ ನಾವೂ ಹಾಕಬಹುದು.